ಗುಬ್ಬಕ್ಕನ ಮನೆ ಯಾವುದರದ್ದು?

ಮಾನ್ಯರೇ,

ಮೊನ್ನೆ ಮೊಮ್ಮಗಳು ಶಾಲೆಯ ಕಥೆ ಹೇಳುವ ಸ್ಪರ್ಧೆಯಿಂದ ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಹೇಳಿದ್ದು ಕಾಗಕ್ಕ–ಗುಬ್ಬಕ್ಕನ ಕಥೆ. ಗುಬ್ಬಕ್ಕನ ಮನೆ ಮೇಣದ್ದು ಎಂದದ್ದೇ ತಪ್ಪಂತೆ. ‘ಮೂಲ ಕಥೆಯಲ್ಲಿ ಅದು ಕಲ್ಲಿನ ಮನೆ’ ಎಂದು ತೀರ್ಪುಗಾರರು ಅಂಕ ಕಳೆದಿದ್ದಾರೆ.

ಆ ಮೇಣದ ಮನೆ ನಾನು ಹೇಳಿಕೊಟ್ಟದ್ದು. ನನಗೆ ಹೇಳಿದವಳು ನನ್ನವ್ವ. ಅವಳು ಕೇಳಿದ್ದು ಬೆಳಗಾವಿಯ ವಠಾರದಲ್ಲಿ, ಮರಾಠಿ ನೆರೆಯವರಿಂದ. ‘ಕಾವಳ್ಯಾಚಂ ಘರ ಶೇಣಾಚಂ, ಚಿಮಣೀಚಂ ಘರ ಮೇಣಾಚಂ’ ಎನ್ನುತ್ತಾರೆ ಅವರು. ಕಾಗೆಯ ಮನೆ ಶೇಣದ್ದು, ಗುಬ್ಬಿಯ ಮನೆ ಮೇಣದ್ದು ಎಂದರ್ಥ. ಶೇಣ ಎಂದರೆ ಸಗಣಿ. ಪ್ರಾಸಕ್ಕೆಂದೇ ಕಟ್ಟಿದ ಮನೆ ಅದು. ಕನ್ನಡದ ಸಗಣಿಗೆ ಮೇಣ ಹೊಂದುವುದಿಲ್ಲ. ಹಾಗಾಗಿಯೋ ಏನೋ ನಮ್ಮ ಅಜ್ಜಿಯರಲ್ಲಿ ಅನೇಕರು ಕಲ್ಲು ಹೊತ್ತು ತಂದರು. ಮಳೆಗೆ ಮನೆ ಕೊಚ್ಚಿಹೋಗಿ ಕಾಗಕ್ಕ ಬಾಗಿಲು ಬಡಿದರೆ, ‘ತಡಿ ಯವ್ವಾ, ಕೂಸಿಗೆ ಎರಿಯಾಕತ್ತೇನಿ’ ಎಂದು ಒಳಗಿನಿಂದಲೇ ಸತಾಯಿಸುವ ಗುಬ್ಬಕ್ಕ ಮಾತ್ರ ಎರಡು ಭಾಷೆಯಲ್ಲೂ ಅವಳೇ.

ಇನ್ನು ‘ಮೂಲ’ದ ಮಾತು. 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಅನುಸರಿಸಿದ್ದು ವಸುಭಾಗಭಟ್ಟನನ್ನು, ನಾವೆಲ್ಲ ಹೆಸರು ಕೇಳಿರುವ ವಿಷ್ಣುಶರ್ಮನನ್ನಲ್ಲ. ದುರ್ಗಸಿಂಹನಿಗೂ ಮುಂಚೆ, 6ನೇ ಶತಮಾನದಲ್ಲೇ ಪಂಚತಂತ್ರ ಹಳೆಯ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಗಿತ್ತು. ಅಲ್ಲಿಂದ 8ನೇ ಶತಮಾನದಲ್ಲಿ ಅರಬ್ಬಿಗೆ ಬರುವ ಹೊತ್ತಿಗೆ ನಮ್ಮ ನರಿಗಳಾದ ಕರಟಕ, ದಮನಕರು ಕಲೀಲ, ದಿಮ್ನ ಆಗಿದ್ದರು. ಮಗುವನ್ನು ಹಾವಿನಿಂದ ಉಳಿಸಿ, ಮನೆಯವರ ಕೈಯಲ್ಲೇ ಸತ್ತ ಮುಂಗುಸಿ ವೇಲ್ಸ್ ನಾಡಿನಲ್ಲಿ ಬೇಟೆನಾಯಿ. ಹಾವಿನ ಜಾಗದಲ್ಲಿ ತೋಳ. ಮುಂಗುಸಿಯೇ ಇಲ್ಲದ ಸೀಮೆಯವರು ಪಾಪ, ಇನ್ನೇನು ಮಾಡಿಯಾರು? ಬೆದ್‌ಗೆಲರ್ಟ್ ಎಂಬ ಹಳ್ಳಿಯಲ್ಲಿ ಆ ನಾಯಿಯದೆಂದು ಸಮಾಧಿಯನ್ನೂ ತೋರಿಸುತ್ತಾರೆ. ನಮ್ಮ ತೀರ್ಪುಗಾರರು ಅಲ್ಲಿಗೆ ಹೋದರೆ ಆ ಊರಿಗೆ ಎಷ್ಟು ಅಂಕ ಕೊಡುತ್ತಾರೋ!

ಪಠ್ಯಪುಸ್ತಕದಲ್ಲಿ ಅಚ್ಚಾದದ್ದು ಒಬ್ಬರ ಬಾಯಿಂದ ಬಂದ ಕಥೆಯ ಒಂದು ರೂಪ, ಅಷ್ಟೆ. ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಜನಪದ ಕಥೆಗೆ ಪುಸ್ತಕ ಹಿಡಿದು ತಾಳೆ ನೋಡಬೇಡಿ. ‘ಇದನ್ನು ನಿನಗೆ ಯಾರು ಹೇಳಿದರು ಮಗಾ?’ ಎಂದು ಕೇಳಿ, ಬರೆದಿಡಿ. ಒಂದೇ ತರಗತಿಯಲ್ಲಿ ನಾಲ್ಕಾರು ಬಗೆಯ ಗುಬ್ಬಕ್ಕಂದಿರು ಸಿಕ್ಕಾರು.

ಮೊಮ್ಮಗಳೇನೋ ಮುಂದಿನ ವರ್ಷವೂ ಅದೇ ಕಥೆ ಹೇಳುತ್ತೇನೆಂದು ಹಟ ಹಿಡಿದಿದ್ದಾಳೆ. ಆಗ ಗುಬ್ಬಕ್ಕನದು ಆರ್‌ಸಿಸಿ ಮನೆಯಂತೆ.

– ನಿವೃತ್ತ ಶಿಕ್ಷಕಿ, ಧಾರವಾಡ