ನಮ್ಮ ಸೌದೆ ಒಲೆಗೆ ಕೈಜೋಡಿಸಿದವರಿಗೆ

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಮನೆಯ ಹಿಂದಿರುವ ಶುಗರ್ ಮೇಪಲ್ ಮರಗಳ ರಸವನ್ನು ನಾವೇ ಕಟ್ಟಿಕೊಂಡ ಸೌದೆ ಒಲೆಯಲ್ಲಿ ಬತ್ತಿಸಿ, ಈ ವಸಂತದಲ್ಲಿ 18 ಲೀಟರ್ ಸಿರಪ್ ತೆಗೆದಿದ್ದೇವೆ. ಮರಗಳು ಮೊಗ್ಗೊಡೆಯತೊಡಗಿದರೆ ರಸದ ರುಚಿ ಕೆಡುತ್ತದೆಯಾದ್ದರಿಂದ ರಸ ಇಳಿಸಲು ಮರಗಳಿಗೆ ಚುಚ್ಚಿದ್ದ ನಳಿಕೆಗಳನ್ನು ಕಿತ್ತು, ರಸ ಬತ್ತಿಸುವ ತಟ್ಟೆಗಳನ್ನು ತೊಳೆದಿಟ್ಟಿದ್ದಾಯಿತು. ಈಗ ಉಳಿದಿರುವ ಕೆಲಸ, ನೆರವಾದವರನ್ನು ಹೆಸರಿಸದಿದ್ದರೂ ಒಬ್ಬೊಬ್ಬರನ್ನಾಗಿ ನೆನೆಯುವುದು.

ಮೊದಲ ವಂದನೆ ಈ ನೆಲದ ಅಬೆನಾಕಿ ಜನರಿಗೆ ಸಲ್ಲಬೇಕು. ಯುರೋಪಿನವರು ಇಲ್ಲಿಗೆ ಬರುವುದಕ್ಕೆ ಬಹಳ ಮುಂಚಿನಿಂದಲೇ ಈ ಮರದ ರಸವನ್ನು ಸಿಹಿಯಾಗಿಸುವುದು ಅವರಿಗೆ ತಿಳಿದಿತ್ತು. ಸಿರಪ್ ಡಬ್ಬಿಗಳ ಮೇಲಿನ ಚಿತ್ರಗಳಲ್ಲಿ ಕೆಂಪು ಕೊಟ್ಟಿಗೆ, ಕುದುರೆ ಬಂಡಿ ಎಲ್ಲವೂ ಇರುತ್ತವೆ, ಅವರು ಮಾತ್ರ ಅಪರೂಪ.

ನಂತರದ ಋಣ ಪಕ್ಕದ ತೋಟದ ಹಿರಿಯರದು. ಒಲೆಗೆಂದು 210 ಲೀಟರ್ ಹಿಡಿಯುವ ಕಬ್ಬಿಣದ ಡ್ರಮ್ಮನ್ನು ಹುಡುಕುವಾಗ, ಅದರಲ್ಲಿ ಹಿಂದೆ ಏನು ತುಂಬಿದ್ದರೆಂದು ಖಚಿತವಾಗಿ ತಿಳಿಯದ ಹೊರತು ಮುಟ್ಟಕೂಡದೆಂದು ಅವರು ಪಟ್ಟುಹಿಡಿದರು. ಅಡುಗೆ ಎಣ್ಣೆಯ ಡ್ರಮ್ಮು ಸಿಕ್ಕ ಮೇಲೂ, ಬಯಲಿನಲ್ಲಿ ಜೋರಾಗಿ ಉರಿ ಹಾಕಿ ಅದರ ಬಣ್ಣವನ್ನೆಲ್ಲ ಸುಟ್ಟು ತೆಗೆಸಿದ ಮೇಲೆಯೇ ಒಪ್ಪಿದರು. ವೆಲ್ಡಿಂಗ್ ಬಲ್ಲ ಗೆಳೆಯರು ಡ್ರಮ್ಮನ್ನು ಅಡ್ಡ ಮಲಗಿಸಿ, ಹೋಟೆಲಿನ ಬಫೆಯಲ್ಲಿ ಅಡುಗೆ ಬಿಸಿಯಾಗಿಡಲು ಬಳಸುವ ಸ್ಟೀಲ್ ತಟ್ಟೆಗಳು ಮೂರು ಸಾಲಾಗಿ ಕೂರುವಂತೆ ಮೇಲ್ಭಾಗವನ್ನು ಕತ್ತರಿಸಿ, ಒಂದು ತುದಿಗೆ ಬಾಗಿಲನ್ನೂ ಇನ್ನೊಂದು ತುದಿಗೆ ಹೊಗೆಕೊಳವೆಯನ್ನೂ ಕೂರಿಸಿಕೊಟ್ಟರು. ಕೊಳವೆಯ ಕಡೆಗೆ ಮರಳು ತುಂಬಿ ಉರಿ ತಾಳುವ ಇಟ್ಟಿಗೆಗಳನ್ನು ಇಳಿಜಾರಾಗಿ ಜೋಡಿಸಿದ್ದೂ ಅವರ ಆಲೋಚನೆಯೇ. ಹಾಗೆ ಮಾಡಿದ್ದರಿಂದ ಉರಿ ನೇರವಾಗಿ ಹೊಗೆಕೊಳವೆಗೆ ನುಗ್ಗದೆ ತಟ್ಟೆಗಳ ತಳವನ್ನು ಸವರಿಕೊಂಡು ಹೋಗುತ್ತದೆ.

ರಸದಲ್ಲಿ ಸಕ್ಕರೆ ಇರುವುದು ಹೆಚ್ಚುಕಡಿಮೆ ಶೇಕಡಾ 2 ಮಾತ್ರ. ಒಂದು ಲೀಟರ್ ಸಿರಪ್‌ಗೆ ನಲವತ್ತಕ್ಕೂ ಮಿಕ್ಕಿದ ಲೀಟರ್ ರಸ ಬೇಕು, ಉಳಿದದ್ದೆಲ್ಲ ಆವಿಯಾಗಿ ಹೋಗಬೇಕು. ಆವಿಯ ವೇಗ ತಟ್ಟೆಯ ಆಳವನ್ನಲ್ಲ, ಅಗಲವನ್ನು ಅವಲಂಬಿಸಿರುವುದರಿಂದ ದೊಡ್ಡ ಹಂಡೆಯ ಬದಲು ಅಗಲ ತಟ್ಟೆಗಳನ್ನು ಆರಿಸಿಕೊಂಡೆವು. ಒಂದು ಚದರಡಿಗೆ ಗಂಟೆಗೆ ಮೂರೂವರೆ ಲೀಟರಿನಷ್ಟು ನೀರು ಹೋದರೆ ಅದೇ ಒಳ್ಳೆಯ ಉರಿ. ಅಂಥ ಉರಿಗೆ ಮೊಣಕೈಯಷ್ಟು ದಪ್ಪದ ತುಂಡುಗಳು ಬಾರವು, ಮಣಿಕಟ್ಟಿನಷ್ಟು ಸಣ್ಣಗೆ ಸೀಳಿದ ಒಣ ಸೌದೆಯೇ ಆಗಬೇಕು. ಹಿಂದಿನ ಬೇಸಿಗೆಯಲ್ಲೇ ಬಂದು ಅಷ್ಟೂ ಸೌದೆಯನ್ನು ಸೀಳಿ ಒಟ್ಟಿಕೊಟ್ಟ ಬರ್ಲಿಂಗ್ಟನ್ ಕಡೆಯ ಕನ್ನಡದ ಕುಟುಂಬಗಳಿಗೆ, ವಿಶೇಷವಾಗಿ ಬೆನ್ನು ನೋವೆಂದು ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಸೀಳಿದವರಿಗೆ, ನಾವು ಋಣಿಗಳು.

ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಅರ್ಧ ಆಯುಸ್ಸು ಕಳೆದ ನನ್ನ ತಂದೆಯವರು ಫೋನಿನಲ್ಲೇ ಒಲೆ ಕಾದರು ಎಂದರೆ ತಪ್ಪಾಗದು. ‘ಬಾಗಿಲು ತೆರೆದುಕೊಂಡು ನಿಲ್ಲಬೇಡ ಮಗ, ಚೂರುಚೂರೇ ಹಾಕು, ಬೇಗಬೇಗ ಹಾಕು’ ಎಂದು ಅವರು ಹೇಳಿದ್ದು ಇಲ್ಲಿಯೂ ಅಕ್ಷರಶಃ ಸರಿ. ನೊರೆ ಉಕ್ಕಿದಾಗ ಅವರು ತೊಟ್ಟು ಹರಳೆಣ್ಣೆ ಬಿಡುತ್ತಿದ್ದರು, ನಾವು ಕಡಲೆಕಾಳಿನಷ್ಟು ಬೆಣ್ಣೆ ಹಾಕಿದೆವು. ನೊರೆ ಕ್ಷಣದಲ್ಲಿ ಕುಸಿಯಿತು.

ಆದರೆ ಹದದ ವಿಷಯದಲ್ಲಿ ಅವರ ಕಣ್ಣಳತೆ ಇಷ್ಟು ದೂರಕ್ಕೆ ನಿಲುಕಲಿಲ್ಲ. ಇಲ್ಲಿ ಸಿರಪ್ ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಸಿದ್ಧವಾಗುತ್ತದೆ, ಆ ಕುದಿಬಿಂದುವಾದರೋ ಗಾಳಿಯ ಒತ್ತಡದೊಂದಿಗೆ ದಿನದಿನಕ್ಕೂ ಅಷ್ಟಿಷ್ಟು ಸರಿಯುತ್ತದೆ. ಪ್ರತಿ ಬೆಳಿಗ್ಗೆ ಬರೀ ನೀರು ಕುದಿಸಿ ನೋಡುವ ಅಭ್ಯಾಸ ಕಲಿಸಿ, ವರ್ಮಾಂಟ್ ಕೇಳುವ 66.9 ಬ್ರಿಕ್ಸ್ (ಅಂದರೆ ತೂಕದಲ್ಲಿ ಶೇಕಡಾ ಅಷ್ಟು ಸಕ್ಕರೆ) ಸಾಂದ್ರತೆಯನ್ನು ಅಳೆಯಲು ತಮ್ಮ ಹೈಡ್ರೋಮೀಟರನ್ನೇ ಎರವಲು ಕೊಟ್ಟವರು ಪಕ್ಕದ ತೋಟದ ಆ ಹಿರಿಯರ ಪತ್ನಿ. ತಳದಲ್ಲಿ ಮರಳಿನಂತೆ ಕೂರುವ ಖನಿಜದ ಗಸಿಯನ್ನು ಉಣ್ಣೆಯಂಥ ದಪ್ಪ ಬಟ್ಟೆಯಲ್ಲಿ, ಬಿಸಿ ಆರುವ ಮುನ್ನ, ತಾಳ್ಮೆಯಿಂದ ಸೋಸಿದ್ದು ನನ್ನ ಹೆಂಡತಿ. ಸಿರಪ್ಪಿನ ತಿಳಿಬಣ್ಣವನ್ನು ಹೊಗಳಿದವರು ಆ ಹೊಗಳಿಕೆಯನ್ನು ಅವಳಿಗೇ ತಲುಪಿಸಬೇಕು.

ಸೌದೆ ಸೀಳಿದ ಪ್ರತಿ ಮನೆಗೂ ಒಂದೊಂದು ಬಾಟಲಿ ತೆಗೆದಿರಿಸಿದ್ದೇವೆ. ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ಖಾಲಿಯಾದ ಬಾಟಲಿಯನ್ನು ದಯವಿಟ್ಟು ಹಿಂದಿರುಗಿಸಿ. ಮುಂದಿನ ಮಾರ್ಚಿಗೆ ಅವು ಬೇಕಾಗುತ್ತವೆ.