ಯೆರೆಮೀಯನ ಕಾಗದವನ್ನು ಮೊದಲಿನಿಂದ ಓದೋಣ

ಮಾನ್ಯ ಸಂಪಾದಕರೇ,

ಪರೀಕ್ಷೆಗಳ ಫಲಿತಾಂಶದ ಕಾಲ ಇದು. ನಮ್ಮ ಕ್ರೈಸ್ತ ಮನೆಗಳಲ್ಲಿ ಈಗ ಒಂದೇ ವಚನ ಎಲ್ಲರ ಬಾಯಲ್ಲಿ. ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ ಅಂತ ದೇವರು ಹೇಳುವ ಮಾತು. ಕ್ಯಾಲೆಂಡರ್, ಮದುವೆ ಕಾರ್ಡ್, ವಾಟ್ಸಾಪ್ ಸ್ಟೇಟಸ್, ಎಲ್ಲ ಕಡೆ ಅದೇ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ನಾನೂ ಅದನ್ನು ಬಾಯಿಪಾಠ ಮಾಡಿಸುತ್ತೇನೆ. ನನಗೆ ತುಂಬಾ ಪ್ರೀತಿಯ ವಚನ. ಅದಕ್ಕೇ ಈ ಪತ್ರ.

ಈ ವಚನ ಇರುವುದು ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದಲ್ಲಿ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲೇ ಸಾರಿದ್ದ. ಜನರಿಗೆ ಬೇಕಾದದ್ದೂ ಅದೇ. ಯೆರೆಮೀಯ ಬರೆದದ್ದು ಎಪ್ಪತ್ತು ವರ್ಷ ಅಂತ. ಅಂದರೆ ಅದನ್ನು ಓದಿದ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡುವುದೇ ಇಲ್ಲ, ಅಲ್ವಾ? ಅಂಥವರಿಗೆ ದೇವರು ಹೇಳಿದ್ದು: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಇಷ್ಟೆಲ್ಲ ಆದ ಮೇಲೆ ಬರುತ್ತದೆ ಹನ್ನೊಂದನೇ ವಚನ.

ನನ್ನ ಮಗಳು ನರ್ಸ್. ಗಲ್ಫ್ ಕೆಲಸಕ್ಕೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆ ಪಾಸಾದಳು, ಸರ್ಟಿಫಿಕೇಟ್ ಪರಿಶೀಲಿಸುವ ಡೇಟಾಫ್ಲೋ ಮುಗಿಯಿತು, ಮೆಡಿಕಲ್ ಆಯಿತು. ಸೂಟ್‌ಕೇಸಿನಲ್ಲಿ ರೊಟ್ಟಿ ಪ್ಯಾಕೆಟ್, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ತುಂಬಿಸಿ ತೂಕವೂ ನೋಡಿ ಆಗಿತ್ತು. ಆಗ ಅಲ್ಲಿನ ಆಸ್ಪತ್ರೆಯವರು ಹುದ್ದೆಯನ್ನೇ ರದ್ದು ಮಾಡಿದರು. ಸಂಜೆಯೊಳಗೆ ಮನೆ ತುಂಬ ಜನ. "ದೇವರು ಇದಕ್ಕಿಂತ ಒಳ್ಳೆಯದು ಇಟ್ಟಿದ್ದಾರೆ, ಅಳಬೇಡ" ಅಂದರು. ಪ್ರೀತಿಯಿಂದಲೇ ಅಂದದ್ದು. ಅವಳು ಒಳಗೆ ನೆಲದ ಮೇಲೆ ಕೂತು ರೊಟ್ಟಿ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ನಮ್ಮ ಸಭೆಯ ನಿವೃತ್ತ ನರ್ಸ್ ಒಬ್ಬರು ಮಾತ್ರ ಪಕ್ಕದಲ್ಲಿ ಕೂತು, ಅವಳ ಅಳು ಮುಗಿಯುವವರೆಗೆ ಸುಮ್ಮನಿದ್ದು, "ಸಾಲ ಎಷ್ಟುಂಟು ಮಗಾ?" ಅಂತ ಕೇಳಿದರು. ಆಮೇಲೆ ತಮಗೆ ಗೊತ್ತಿದ್ದ ಒಂದು ಡಯಾಲಿಸಿಸ್ ಯೂನಿಟ್‌ನಲ್ಲಿ ಮಾತಾಡಿದರು. ಈಗ ಅಲ್ಲೇ ಕೆಲಸ. ಸಂಬಳ ಗಲ್ಫಿನ ಹತ್ತಿರಕ್ಕೂ ಬರುವುದಿಲ್ಲ, ಸಾಲ ಇನ್ನೂ ಉಂಟು. ಇದೇ ಆ 'ಒಳ್ಳೆಯದು' ಅಂತ ನಾನು ಹೇಳಲಾರೆ. ದೇವರು ಅವಳ ಕೈ ಬಿಟ್ಟಿಲ್ಲ ಅಂತ ಮಾತ್ರ ಪೂರ್ತಿ ನಂಬುತ್ತೇನೆ. ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವ ಮುಂಚೆ ಇಬ್ಬರೂ ಪ್ರಾರ್ಥಿಸುತ್ತೇವೆ, ಆ ದಿನ ಮೆಷಿನಿಗೆ ಬರುವ ರೋಗಿಗಳ ಹೆಸರು ಹಿಡಿದು.

ಬೇಥಾನ್ಯದಲ್ಲಿ ಏನಾಯಿತು ನೋಡಿ. ತೀರಿಹೋಗಿದ್ದ ಲಾಜರನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಆದರೂ ಅವನ ಸಹೋದರಿ ಮರಿಯಳು ಅಳುವುದನ್ನು ಕಂಡು ಅವರೂ ಅತ್ತರು. ಅಳಬೇಡ ಅಂತ ಅವಳಿಗೆ ಹೇಳಲಿಲ್ಲ. ಮುಂದಿನದು ಗೊತ್ತಿದ್ದವರೇ ಹಾಗಿದ್ದರೆ, ಏನೂ ಗೊತ್ತಿಲ್ಲದ ನಮಗೆ ಅಷ್ಟು ಅವಸರ ಯಾಕೆ? "ನಿನ್ನ ಚಿತ್ತವೇ ಆಗಲಿ" ಅಂತ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅವರು ಹೇಳಿದ್ದೂ ತಮ್ಮದೇ ಕಷ್ಟದ ಪಾತ್ರೆಯ ಬಗ್ಗೆ. ಅದೂ, ಇದನ್ನು ನನ್ನಿಂದ ತೊಲಗಿಸು ಅಂತ ಬೇಡಿಕೊಂಡ ಮೇಲೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲು. ಕ್ರೈಸ್ತರಾದವರು ಮನೆ, ಕೆಲಸ ಕಳಕೊಂಡಾಗ ಪ್ರಾರ್ಥನೆಯ ಜೊತೆಗೆ ಮಗ್ಗವನ್ನೂ ಹಾಕಿಕೊಟ್ಟರು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಎಷ್ಟೋ ಮನೆಗಳಲ್ಲಿ ಅದರಿಂದ ಒಲೆ ಉರಿಯಿತು.

ಸಭಾಪಾಲಕರಲ್ಲಿ, ಸಂಡೇ ಸ್ಕೂಲ್ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ಈ ತಿಂಗಳು ಆ ವಚನ ಹೇಳುವಾಗ ಅಧ್ಯಾಯವನ್ನು ಮೊದಲಿನಿಂದ ಓದಿಸಿ. ಇನ್ನು ಮಾರ್ಕು ಕಡಿಮೆ ಬಂದ ಮಕ್ಕಳ ಮನೆಗೆ ಹೋಗುವ ಹಿರಿಯರು, ಮತ್ತೆ ಪರೀಕ್ಷೆಗೆ ಕಟ್ಟಲು ಕೊನೆಯ ದಿನ ಯಾವುದು, ಯಾವ ಕಾಲೇಜಿನಲ್ಲಿ ಇನ್ನೂ ಸೀಟು ಉಂಟು ಅಂತ ತಿಳ್ಕೊಂಡು ಹೋಗಿ. ಆ ಮಗುವಿಗೆ ಅಳಬೇಕು ಅನ್ನಿಸಿದರೆ ಅಳಲು ಬಿಡಿ.

– ಸಂಡೇ ಸ್ಕೂಲ್ ಶಿಕ್ಷಕಿ, ಉಡುಪಿ