ಹುಲ್ಲು ಸ್ವಲ್ಪ ಬೆಳೆದರೆ ಏನು ತಪ್ಪು?

ಸಂಪಾದಕರೇ,

ನಮ್ಮ ಅಂಗಳದ ಹುಲ್ಲು 3 ಇಂಚು ದಾಟಿದರೆ ಸಾಕು, ಪಕ್ಕದ ಮನೆಯವರು ಹುಬ್ಬು ಗಂಟಿಕ್ಕುತ್ತಾರೆ. ಅವರ ಅಂಗಳ ಚಾಪೆ ಹಾಸಿದ ಹಾಗಿದೆ, ಒಂದು ಒಣ ಎಲೆ ಬಿದ್ದರೂ ಪೊರಕೆ ಹಿಡಿದು ಓಡಿ ಬರುತ್ತಾರೆ. ಇರಲಿ, ಅವರ ಖುಷಿ ಅವರದ್ದು. ನನ್ನನ್ನು ಸೋಮಾರಿ ಅಂತ ದೂರು ಬರೆಯುವುದು ಯಾಕೆ?

ಹುಲ್ಲನ್ನು ತೀರಾ ಬುಡಕ್ಕೆ ಕತ್ತರಿಸಿದರೆ ಬೇರು ಆಳಕ್ಕೆ ಇಳಿಯುವುದಿಲ್ಲ, ಮಣ್ಣು ಬೇಗ ಒಣಗುತ್ತದೆ, ಖಾಲಿಯಾದ ಜಾಗಕ್ಕೆ ಮೊದಲು ಬರುವುದೇ ಕಳೆ. ಒಂದು ಸಲಕ್ಕೆ ಎತ್ತರದ 3ರಲ್ಲಿ 1 ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಕತ್ತರಿಸಿದ ಚೂರನ್ನು ಅಲ್ಲೇ ಬಿಟ್ಟರೆ ಕೊಳೆತು, ಅದರ ಸಾರಜನಕ ಮಣ್ಣಿಗೇ ವಾಪಸ್ ಸೇರುತ್ತದೆ. ಅವರೋ ಅದನ್ನು ಚೀಲಕ್ಕೆ ತುಂಬಿ ಎಸೆದು, ಆಮೇಲೆ ದುಡ್ಡು ಕೊಟ್ಟು ಗೊಬ್ಬರ ತರುತ್ತಾರೆ. ನಗು ಬರುತ್ತದೆ ಅಲ್ವಾ?

ಮೊನ್ನೆ ನಮ್ಮ ಅಂಗಳದ ಮೂಲೆಯಲ್ಲಿ, ಹುಲ್ಲಿನ ನಡುವೆ ಬೆಳೆಯುವ ಪುಟ್ಟ ಗಿಡ ಕ್ಲೋವರ್‌ನ ಹೂವಿನ ಮೇಲೆ ಒಂದು ಜೇನುಹುಳ ಕೂತಿತ್ತು, ಹಿಂಗಾಲಿಗೆ ಪರಾಗದ ಉಂಡೆ ಮೆತ್ತಿಕೊಂಡು, ಹೂವೇ ಬಾಗುವ ಹಾಗೆ. ಅವರ ಭಾಷೆಯಲ್ಲಿ ಅದೂ ಕಳೆಯೇ!

ದಾರಿಗೆ ಚಾಚಿದ ಹುಲ್ಲನ್ನು ನಾನೂ ಕತ್ತರಿಸುತ್ತೇನೆ, ಕಾಡು ಬೆಳೆಸಿಲ್ಲ. ತೊಂದರೆ ಇದ್ದರೆ ಬಾಗಿಲು ತಟ್ಟಿ ಹೇಳಲಿ, ಸುಮ್ನೆ ದೂರು ಬರೆಯುವುದು ಬೇಡ.

– ಒಬ್ಬ ಓದುಗ